ಮತದಾನಕ್ಕೂ ಮೊದಲಿನ ಆಯ್ಕೆ



ಗಡಿಭಾಗದಲ್ಲಿ ಕನ್ನಡ ಶಾಲೆಯೊಂದು ನೂರು ವರ್ಷ ಬಾಳಿದೆ. ಈ ಸಂತೋಷದ ಹೊತ್ತಿನಲ್ಲಿ ಗತವೈಭವವನ್ನು ನೆನೆಯುವವರು ಅನೇಕರಿದ್ದಾರೆ. ನಾನು ನಾಗರಿಕಶಾಸ್ತ್ರದ ಒಂದು ಪ್ರಶ್ನೆಯನ್ನು ತಮ್ಮ ಮುಂದಿಡಬಯಸುತ್ತೇನೆ. ಚುನಾವಣೆ ಯಾವ ದಿನ ಆರಂಭವಾಗುತ್ತದೆ? ಆಯೋಗವು ಅಧಿಸೂಚನೆ ಹೊರಡಿಸಿದ ದಿನ ಎಂದು ಬರೆದ ಮಗುವಿಗೆ ನಾವು ಪೂರ್ಣ ಅಂಕ ಕೊಡುತ್ತೇವೆ. ಆದರೆ ಊರಿನ ವ್ಯವಹಾರ ಬಲ್ಲವರಿಗೆ ಬೇರೆ ಉತ್ತರ ಗೊತ್ತಿದೆ. ಯಾರು ನಿಲ್ಲಬೇಕು, ಯಾರು ನಿಲ್ಲಬಾರದು ಎಂದು ತೀರ್ಮಾನವಾದ ದಿನವೇ ಅರ್ಧ ಚುನಾವಣೆ ಮುಗಿದಿರುತ್ತದೆ.

ಜಯಸಿಂಗಪುರವು ರಾಜರ್ಷಿ ಶಾಹು ಮಹಾರಾಜರು ತಮ್ಮ ಜನಕ ತಂದೆ ಜಯಸಿಂಗರಾವ್ ಘಾಟಗೆಯವರ ಹೆಸರಿನಲ್ಲಿ ಕಟ್ಟಿಸಿದ ಪಟ್ಟಣ. 1917ರಲ್ಲೇ ಕೊಲ್ಹಾಪುರ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದ ಆ ಮಹಾನುಭಾವರಿಗೆ, ಹೊರಗೆ ನಿಂತವರನ್ನು ಒಳಗೆ ಕರೆಯದೆ ನ್ಯಾಯವಿಲ್ಲ ಎಂಬುದು ತಿಳಿದಿತ್ತು. ಇಂದು ಮಹಾರಾಷ್ಟ್ರದಲ್ಲಿ ನಗರಾಧ್ಯಕ್ಷರನ್ನೂ ಸರಪಂಚರನ್ನೂ ಮತದಾರರೇ ನೇರವಾಗಿ ಆರಿಸುತ್ತಾರೆ. ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಇವು ದೊಡ್ಡ ಗಳಿಕೆಗಳು. ಆದರೆ ಉಮೇದುವಾರರ ಯಾದಿ ಮಾತ್ರ ಇಂದಿಗೂ ಬಹುಪಾಲು ಮುಚ್ಚಿದ ಕೋಣೆಯಲ್ಲಿ ಸಿದ್ಧವಾಗುತ್ತದೆ. ಯಾದಿಯೊಳಗೆ ಆರಿಸುವ ಹಕ್ಕು ನಮ್ಮದು, ಯಾದಿ ಬರೆಯುವ ಹಕ್ಕು ಕೆಲವರದು.

ಈ ಕೊರತೆಗೆ ಅಮೇರಿಕದವರು ಕಂಡುಕೊಂಡ ಉಪಾಯಕ್ಕೆ ಪ್ರಾಥಮಿಕ ಚುನಾವಣೆ ಎಂದು ಹೆಸರು. ಪಕ್ಷದ ಉಮೇದುವಾರ ಯಾರಾಗಬೇಕೆಂಬುದನ್ನು ಮುಖಂಡರು ನಿರ್ಧರಿಸದೆ, ಮೊದಲೊಂದು ಮತದಾನದಲ್ಲಿ ಜನರೇ ನಿರ್ಧರಿಸುತ್ತಾರೆ. ವಿಸ್ಕಾನ್ಸಿನ್ ರಾಜ್ಯವು 1904ರಲ್ಲಿ ಜನಮತದ ಮೂಲಕ ಇದನ್ನು ಒಪ್ಪಿಕೊಂಡಿತು. ಪಕ್ಷದ ಸದಸ್ಯರಷ್ಟೇ ಅಲ್ಲದೆ ಯಾವ ಮತದಾರನಾದರೂ ಭಾಗವಹಿಸಬಹುದಾದರೆ ಅದು ಮುಕ್ತ ಪ್ರಾಥಮಿಕ ಚುನಾವಣೆ.

ಆದರೆ ಹೆಸರು ಬದಲಾದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ. ಟೆಕ್ಸಾಸ್ ರಾಜ್ಯದಲ್ಲಿ ಒಂದೇ ಪಕ್ಷದ ಪ್ರಾಬಲ್ಯವಿತ್ತು. ಅದರ ಪ್ರಾಥಮಿಕ ಚುನಾವಣೆಯಲ್ಲಿ ಗೆದ್ದವರೇ ಮುಂದೆಯೂ ಗೆಲ್ಲುತ್ತಿದ್ದರು. ಆ ಮೊದಲ ಹಂತದಲ್ಲಿಯೇ ಕಪ್ಪು ಜನಾಂಗದವರಿಗೆ ಪ್ರವೇಶವಿರಲಿಲ್ಲ. ಲಾನಿ ಸ್ಮಿತ್ ಎಂಬ ದಂತವೈದ್ಯರು ನ್ಯಾಯಾಲಯದ ಮೆಟ್ಟಿಲೇರಿದರು. 1944ರಲ್ಲಿ ಅಮೇರಿಕದ ಸರ್ವೋಚ್ಚ ನ್ಯಾಯಾಲಯವು ಆ ನಿಷೇಧವನ್ನು ರದ್ದುಗೊಳಿಸಿತು. ಉಮೇದುವಾರರ ಆಯ್ಕೆ ಪಕ್ಷದ ಮನೆಯೊಳಗಿನ ವಿಷಯವಲ್ಲ, ಅದೂ ಚುನಾವಣೆಯ ಭಾಗವೇ ಎಂಬುದು ಆ ತೀರ್ಪಿನ ಸಾರ.

ನಮ್ಮ ಕನ್ನಡ ನಾಡಿನಲ್ಲಿಯೂ ಇಂಥದೊಂದು ಪ್ರಯೋಗ ನಡೆದಿದೆ. 2014ರ ಲೋಕಸಭೆ ಚುನಾವಣೆಗೆ ಮುನ್ನ ಕಾಂಗ್ರೆಸ್ ಪಕ್ಷವು ದೇಶದ ಕೆಲವೇ ಕ್ಷೇತ್ರಗಳಲ್ಲಿ ಆಂತರಿಕ ಮತದಾನದಿಂದ ಉಮೇದುವಾರರನ್ನು ಆರಿಸಿತು. ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಅವುಗಳಲ್ಲಿ ಸೇರಿದ್ದವು. ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು, ಪ್ರತಿನಿಧಿಗಳು, ಸಾಮಾನ್ಯ ಮತದಾರರಲ್ಲ. ಆಂತರಿಕವಾಗಿ ಗೆದ್ದ ಸಿ. ನಾರಾಯಣಸ್ವಾಮಿ ಮತ್ತು ಜನಾರ್ದನ ಪೂಜಾರಿ ಇಬ್ಬರೂ ಮುಂದಿನ ಚುನಾವಣೆಯಲ್ಲಿ ಸೋತರು. ಪ್ರಯೋಗವೂ ಬೇರೂರಲಿಲ್ಲ. ಸೋಲಿನಿಂದ ಪದ್ಧತಿಯೇ ತಪ್ಪೆಂದು ಹೇಳಲಾಗದು. ಆದರೆ ಅರ್ಧ ತೆರೆದ ಬಾಗಿಲು ಜನರನ್ನು ಒಳಗೆ ಕರೆಯುವುದಿಲ್ಲ ಎಂಬುದಂತೂ ತಿಳಿಯಿತು.

ಇನ್ನು ಹಳ್ಳಿಗಳ ಕಡೆಗೆ ಬರೋಣ. ಗ್ರಾಮ ಪಂಚಾಯತಿಯಲ್ಲಿ ಪಕ್ಷದ ಚಿಹ್ನೆಗಳಿಲ್ಲ, ಇರುವುದು ಪ್ಯಾನೆಲ್‌ಗಳು. ಅಲ್ಲಿ ನಾವು ಹೆಮ್ಮೆಯಿಂದ ಹೇಳುವ ಮಾತು ‘ಬಿನವಿರೋಧ’. ಖರ್ಚು ಉಳಿಯಿತು, ದ್ವೇಷ ತಪ್ಪಿತು, ಊರು ಒಂದಾಯಿತು ಎನ್ನುತ್ತೇವೆ. ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಚುನಾವಣೆಯ ಜಗಳದಿಂದ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. ಎಲ್ಲರನ್ನೂ ಕೂಡಿಸಿ, ಎಲ್ಲರ ಮಾತು ಕೇಳಿ ಆದ ಒಮ್ಮತ ನಿಜಕ್ಕೂ ದೊಡ್ಡದು. ಆದರೆ 2021ರ ಜನವರಿಯಲ್ಲಿ ನಾಶಿಕ ಜಿಲ್ಲೆಯ ಉಮರಾಣೆ ಹಾಗೂ ನಂದುರಬಾರ ಜಿಲ್ಲೆಯ ಖೋಂಡಾಮಳಿ ಗ್ರಾಮ ಪಂಚಾಯತಿಗಳ ಚುನಾವಣೆಯನ್ನು ರಾಜ್ಯ ಚುನಾವಣಾ ಆಯೋಗವು ರದ್ದುಗೊಳಿಸಬೇಕಾಯಿತು. ಕಾರಣವೇನು? ಮಂದಿರದ ಕಾರ್ಯದ ಹೆಸರಿನಲ್ಲಿ ಪದಗಳ ಲಿಲಾವು ನಡೆದಿತ್ತು. ದೇವರ ಕಾರ್ಯಕ್ಕೆ ಹಣ ಕೂಡಿಸುವುದು ಪುಣ್ಯವಿರಬಹುದು. ಆದರೆ ಲಿಲಾವಿನಲ್ಲಿ ಕೂಲಿಕಾರನ ಮಗಳು ಎಷ್ಟು ಕೂಗಿಯಾಳು? ಅಲ್ಲಿ ವಿರೋಧ ಇರಲಿಲ್ಲವೆಂದಲ್ಲ, ವಿರೋಧಿಸುವ ಶಕ್ತಿ ಇರಲಿಲ್ಲ.

ನಮ್ಮ ರಾಜ್ಯದ ಆಯೋಗವು 2018ರಲ್ಲಿ ಒಂದು ಒಳ್ಳೆಯ ಆದೇಶ ಹೊರಡಿಸಿತು. ಸ್ಥಳೀಯ ಚುನಾವಣೆಯಲ್ಲಿ ‘ನೋಟಾ’ಕ್ಕೆ ಎಲ್ಲರಿಗಿಂತ ಹೆಚ್ಚು ಮತ ಬಂದರೆ ಮರುಚುನಾವಣೆ ನಡೆಯಬೇಕು. ಆದರೆ ಒಬ್ಬರೇ ಉಳಿದ ಕಡೆ ಮತದಾನವೇ ನಡೆಯದಿದ್ದರೆ ನೋಟಾದ ಗುಂಡಿ ಒತ್ತುವುದೆಲ್ಲಿ? ಬೇಡವೆನ್ನುವ ಹಕ್ಕು ದೊರೆತಿದೆ, ಇಂಥವರು ಬೇಕು ಎಂದು ಮೊದಲೇ ಹೇಳುವ ಹಕ್ಕು ಇನ್ನೂ ದೊರೆಯಬೇಕಾಗಿದೆ.

ಭಾಷೆಯಿಂದ ಅಲ್ಪಸಂಖ್ಯಾತರಾದ ನಮಗೆ ಈ ಮಾತು ಹೆಚ್ಚು ಮುಖ್ಯ. ಎಣಿಕೆಯ ದಿನ ನಮ್ಮ ಮತಕ್ಕೂ ಇತರರ ಮತದಷ್ಟೇ ಬೆಲೆ. ಆದರೆ ಹೆಸರುಗಳು ನಿಶ್ಚಯವಾಗುವ ಕೋಣೆಯಲ್ಲಿ ಕನ್ನಡ ಮನೆಯವರು ಇಲ್ಲದಿದ್ದರೆ, ಕನ್ನಡ ಶಾಲೆಯ ಮಾತು ಯಾವ ಉಮೇದುವಾರನ ನಾಲಗೆಯ ಮೇಲೂ ಇರುವುದಿಲ್ಲ. ಶಾಲೆಯೆದುರಿನ ರಸ್ತೆ, ನಳದ ನೀರು, ಚರಂಡಿ, ಬೀದಿದೀಪ, ಇವೆಲ್ಲ ಆ ಕೋಣೆಯಿಂದಲೇ ಆರಂಭವಾಗುವ ವಿಷಯಗಳು.

ಪಕ್ಷಗಳ ಮನೆಯನ್ನು ನಾವು ತಿದ್ದಲಾರೆವು ಎನ್ನಬಹುದು. ಹಾಗಾದರೆ ನಮ್ಮ ಅಂಗಳದಿಂದಲೇ ತೊಡಗೋಣ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಎಷ್ಟೋ ಕಡೆ ಸಭೆಗೆ ಮೊದಲೇ ಬರೆದಿಟ್ಟ ಚೀಟಿಯನ್ನು ಓದಲಾಗುತ್ತದೆ, ಸಭೆ ಚಪ್ಪಾಳೆ ತಟ್ಟುತ್ತದೆ, ಸಮಿತಿ ರಚನೆಯಾಗುತ್ತದೆ. ಕಾಯಿದೆ ಪಾಲಿಸಿದಂತಾಯಿತು, ಆಯ್ಕೆ ಮಾತ್ರ ಆಗಲಿಲ್ಲ.

ಈ ಶತಮಾನ ವರ್ಷದಲ್ಲಿ ನಾವು ಮೂರು ನಿಯಮ ಇಟ್ಟುಕೊಳ್ಳೋಣ. ಸಭೆಯ ದಿನಾಂಕ ಪ್ರತಿ ಮನೆಗೂ ಒಂದು ವಾರ ಮುಂಚೆ ತಿಳಿಯಲಿ. ಹೆಸರು ಸೂಚಿಸುವ ಅವಕಾಶ ಹಿಂದಿನ ಸಾಲಿನಲ್ಲಿ ಕುಳಿತ ತಾಯಿಗೂ ಇರಲಿ, ಕೆಲಸ ಬಿಟ್ಟು ಬರಲಾರದವರು ಚೀಟಿಯಲ್ಲಿ ಬರೆದು ಕಳಿಸಲಿ. ಸ್ಥಾನಕ್ಕಿಂತ ಹೆಚ್ಚು ಹೆಸರು ಬಂದರೆ, ಯಾರನ್ನೂ ಹಿಂದೆ ಸರಿಯಿರೆಂದು ಒತ್ತಾಯಿಸದೆ, ಗುಪ್ತ ಮತದಾನ ನಡೆಯಲಿ. ಸೋತವರನ್ನು ಗೆದ್ದವರು ಮೊದಲು ಮಾತನಾಡಿಸಲಿ.

ಇದನ್ನು ನೋಡುತ್ತ ಬೆಳೆದ ಮಕ್ಕಳು ನಾಳೆ ವಾರ್ಡಿನಲ್ಲಿ, ಹಳ್ಳಿಯಲ್ಲಿ, ತಮ್ಮ ಪಕ್ಷದಲ್ಲಿ ಧೈರ್ಯವಾಗಿ ಕೇಳುತ್ತಾರೆ: ಈ ಹೆಸರನ್ನು ಯಾರು ಸೂಚಿಸಿದರು, ಯಾರನ್ನು ಕೇಳಿ ಸೂಚಿಸಿದರು? ಹಾಗೆ ಕೇಳುವ ಮಕ್ಕಳನ್ನು ಬೆಳೆಸುವುದು ಎರಡನೆಯ ಶತಮಾನದಲ್ಲಿ ನಮ್ಮ ಶಾಲೆಯ ಕರ್ತವ್ಯವೆಂದು ನಂಬಿದ್ದೇನೆ.