ಸೇದುವವನೊಬ್ಬ, ಕುಡಿಯುವವರು ಮನೆಮಂದಿ

ಅರಸೀಕೆರೆಯ ಕಡೆಯ ನಮ್ಮ ಹಳ್ಳಿಮನೆಯ ಹಿತ್ತಿಲಲ್ಲಿ ಒಂದು ಬಾವಿಯಿತ್ತು. ನಸುಕಿನಲ್ಲಿ ನನ್ನ ತಾಯಿ ನೀರು ಸೇದುವಾಗ ಏಳುತ್ತಿದ್ದ ರಾಟೆಯ ಸದ್ದಿಗೆ ಮಕ್ಕಳಾದ ನಮಗೆ ಎಚ್ಚರವಾಗುತ್ತಿತ್ತು. ಸೇದುತ್ತಿದ್ದವಳು ಅವಳೊಬ್ಬಳು, ಕುಡಿಯುತ್ತಿದ್ದವರು ಮನೆಮಂದಿಯೆಲ್ಲ. ಅದೇ ಹೊತ್ತಿಗೆ ಜಗಲಿಯ ಮೇಲೆ ಕುಳಿತು ನನ್ನ ತಂದೆ ಬೀಡಿ ಸೇದುತ್ತಿದ್ದರು. ನೀರಿಗೂ ಹೊಗೆಗೂ ನಮ್ಮ ಭಾಷೆ ಒಂದೇ ಕ್ರಿಯಾಪದವನ್ನು ಇಟ್ಟುಕೊಂಡಿದೆ. 35 ವರ್ಷ ಕನ್ನಡ ಪಾಠ ಹೇಳಿದ ನಾನು ಇದನ್ನು ತರಗತಿಯಲ್ಲಿ ಅರ್ಥವಿಸ್ತಾರಕ್ಕೆ ಉದಾಹರಣೆಯಾಗಿ ಕೊಟ್ಟು ವಿದ್ಯಾರ್ಥಿಗಳನ್ನು ನಗಿಸಿದ್ದುಂಟು. ಆದರೆ ಆ ಮಾತಿನ ಪೂರ್ಣಾರ್ಥ ನನಗೆ ತಿಳಿದದ್ದು ಬಹಳ ತಡವಾಗಿ. ತಿಳಿಸಿದ್ದು ನನ್ನ ಮಗಳ ಒಂದು ಹಲ್ಲು.

ನಾನು ಸಿಗರೇಟು ಹಚ್ಚಿದ್ದು 1980ರಲ್ಲಿ, ಎಂ.ಎ. ಓದುತ್ತಿದ್ದಾಗ. ಹಾಸ್ಟೆಲಿನ ಕೋಣೆಯಲ್ಲಿ ಸಾಹಿತ್ಯದ ಚರ್ಚೆಗೂ ಹೊಗೆಗೂ ಬಿಡಿಸಲಾಗದ ನಂಟಿದೆಯೆಂದು ನಾವೆಲ್ಲ ನಂಬಿದ್ದ ಕಾಲ. ಮುಂದೆ ಅಧ್ಯಾಪಕನಾದೆ, ಗೃಹಸ್ಥನಾದೆ. ವಿದ್ಯಾರ್ಥಿಗಳೆದುರು ಎಂದೂ ಸೇದಬಾರದೆಂಬ ನಿಯಮವನ್ನು ತಪ್ಪದೆ ಪಾಲಿಸಿದೆ. ಮನೆಗೆ ಮಾತ್ರ ಆ ನಿಯಮ ಅನ್ವಯಿಸಲಿಲ್ಲ. ನನ್ನ ಓದುವ ಕೋಣೆಯಲ್ಲಿ, ನನ್ನದೇ ದೀಪದ ಬೆಳಕಿನಲ್ಲಿ ಮಗಳು ಶಾಲೆಯ ಲೆಕ್ಕ ಬರೆಯುತ್ತಿದ್ದಳು. ರಾತ್ರಿ ಊಟವಾದ ಮೇಲೆ ಅವಳ ಕೈಗೆ ದುಡ್ಡು ಕೊಟ್ಟು ಮೂಲೆಯ ಪೆಟ್ಟಿಗೆ ಅಂಗಡಿಗೆ ಕಳುಹಿಸುತ್ತಿದ್ದೆ. "ಉಳಿದ ಚಿಲ್ಲರೆ ನಿನಗೆ" ಎನ್ನುತ್ತಿದ್ದೆ. ನನಗೆ ಸಿಗರೇಟು ಬರುತ್ತಿತ್ತು, ಅವಳಿಗೆ ಪೆಪ್ಪರಮಿಂಟು. ಅದನ್ನು ದವಡೆಯಲ್ಲಿ ಒತ್ತರಿಸಿಕೊಂಡೇ ಅವಳು ನಿದ್ರೆ ಹೋಗುತ್ತಿದ್ದಳು. ಇದನ್ನು ನಾನು ವಾತ್ಸಲ್ಯವೆಂದು ಭಾವಿಸಿದ್ದೆ.

1995ರಲ್ಲಿ, ಅವಳಿಗೆ ಒಂಬತ್ತು ವರ್ಷವಾಗಿದ್ದಾಗ, ಬಲಗೆನ್ನೆ ಊದಿಕೊಂಡಿತು. ಅದಕ್ಕೆ ಮೊದಲೂ ಅವಳು ಹಲ್ಲುನೋವೆಂದು ಹೇಳಿದ್ದಳು. "ಹಾಲುಹಲ್ಲು ತಾನೆ, ಬಿದ್ದರೆ ಬೇರೆ ಬರುತ್ತದೆ" ಎಂದು ನಾನು ತಳ್ಳಿಹಾಕಿದ್ದೆ. ದಂತವೈದ್ಯರು ಬಾಯಿ ನೋಡಿ, "ಮೇಷ್ಟ್ರೇ, ಇದು ಹಾಲುಹಲ್ಲಲ್ಲ. ಆರನೆಯ ವರ್ಷದಲ್ಲಿ ಬಂದ ದವಡೆಹಲ್ಲು. ಹೋದರೆ ಹೋಯಿತು" ಎಂದರು. ಹಲ್ಲನ್ನು ಉಳಿಸುವ ಹಂತ ದಾಟಿಹೋಗಿತ್ತು, ಕಿತ್ತರು. ಕೈ ತೊಳೆಯುತ್ತ ಮತ್ತೊಂದು ಮಾತು ಕೇಳಿದರು: "ಮಗುವಿನ ಕೂದಲೆಲ್ಲ ಹೊಗೆಯ ವಾಸನೆ. ಮನೆಯಲ್ಲಿ ಸೇದುವವರು ಯಾರು?" ನನಗೆ ಸಿಟ್ಟು ಬಂತು. ಹಲ್ಲು ತೋರಿಸಲು ಬಂದವನ ಬಳಿ ಹೊಗೆಯ ವಿಚಾರವೇಕೆ ಎಂದುಕೊಂಡೆ. ಅಂದು ರಾತ್ರಿಯೂ ಸೇದಿದೆ.

ಆ ಬಗೆಯ ಹಲ್ಲಿನ ವಿಷಯವನ್ನು ತಂದೆತಾಯಂದಿರು ತಿಳಿದಿರಲೇಬೇಕು. ಮಗುವಿಗೆ ಸುಮಾರು ಆರನೆಯ ತಿಂಗಳಿಂದ ಹಾಲುಹಲ್ಲು ಮೂಡತೊಡಗಿ, ಮೂರು ವರ್ಷದೊಳಗೆ 20 ಹಲ್ಲುಗಳು ತುಂಬುತ್ತವೆ. ಆರನೆಯ ವಯಸ್ಸಿನ ಸುಮಾರಿಗೆ ಅವುಗಳ ಹಿಂದೆ, ಯಾವ ಹಲ್ಲನ್ನೂ ಬೀಳಿಸದೆ, ನಾಲ್ಕು ದವಡೆಹಲ್ಲುಗಳು ಸದ್ದಿಲ್ಲದೆ ಬರುತ್ತವೆ. ಏನೂ ಬೀಳಲಿಲ್ಲವಾದ್ದರಿಂದ ಹೊಸದು ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ. ಅವು ಬಾಳಿನುದ್ದಕ್ಕೂ ಇರಬೇಕಾದ ಹಲ್ಲುಗಳು. ಹಾಲುಹಲ್ಲಾದರೂ ಉಪೇಕ್ಷೆಗೆ ತಕ್ಕದ್ದಲ್ಲ; ತನ್ನ ಕೆಳಗೆ ಬರಲಿರುವ ಹಲ್ಲಿಗೆ ಅದು ಜಾಗ ಕಾದಿರುತ್ತದೆ.

ನಾವು 'ಹುಳುಕುಹಲ್ಲು' ಎನ್ನುತ್ತೇವೆ. ಆದರೆ ಅಲ್ಲಿ ಹುಳುವೇನೂ ಇಲ್ಲ. ಬಾಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆಮ್ಲವು ಹಲ್ಲಿನ ಹೊರಕವಚವನ್ನು ಕರಗಿಸುತ್ತದೆ. ಜೊಲ್ಲು ಆ ಆಮ್ಲವನ್ನು ತೊಳೆದು ಹಲ್ಲನ್ನು ಕಾಯುತ್ತದೆ. ನಿದ್ರೆಯಲ್ಲಿ ಜೊಲ್ಲು ಒಸರುವುದು ಕಡಿಮೆ. ಆದ್ದರಿಂದ ಹಗಲು ಊಟದೊಡನೆ ತಿಂದ ಒಂದು ಮಿಠಾಯಿಗಿಂತ ರಾತ್ರಿ ದವಡೆಯಲ್ಲಿಟ್ಟು ಮಲಗಿದ ಪೆಪ್ಪರಮಿಂಟು ಹೆಚ್ಚು ಕೇಡು ಮಾಡುತ್ತದೆ. ಹಸುಗೂಸಿನ ಬಾಯಿಗೆ ಸಕ್ಕರೆ ಬೆರೆಸಿದ ಹಾಲಿನ ಬಾಟಲಿಯಿಟ್ಟು ಮಲಗಿಸುವುದೂ ಇದೇ ಸಾಲಿಗೆ ಸೇರಿದ್ದು.

ಇನ್ನು ಹೊಗೆ. ಸೇದುವವನಿಗೆ ಅದರಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂಬುದಕ್ಕೆ 1950ರಲ್ಲೇ ಬ್ರಿಟನ್ನಿನ ಡಾಲ್ ಮತ್ತು ಹಿಲ್ ಬಲವಾದ ಆಧಾರ ಒದಗಿಸಿದ್ದರು. ಹೃದ್ರೋಗ, ಬಾಯಿಯ ಕ್ಯಾನ್ಸರ್, ಒಸಡಿನ ರೋಗಗಳೂ ಅದರ ಹಿಂದೆಯೇ ಬರುತ್ತವೆ. ನಿಕೋಟಿನ್ ಒಸಡಿನ ಸಣ್ಣ ರಕ್ತನಾಳಗಳನ್ನು ಬಿಗಿಯುವುದರಿಂದ ರೋಗವಿದ್ದರೂ ರಕ್ತ ಅಷ್ಟಾಗಿ ಕಾಣಿಸುವುದಿಲ್ಲ. ಅಪಾಯದ ಸೂಚನೆಯೇ ಅಡಗಿಹೋಗುತ್ತದೆ. ಹೀಗೆ ನಾನೂ ಎರಡು ಹಲ್ಲು ಕಳೆದುಕೊಂಡೆ. ಆದರೆ ಅವು ನಾನೇ ತೆತ್ತ ಬೆಲೆ.

ಸೇದದವರು ತೆರುವ ಬೆಲೆಯ ಕಥೆ ಬೇರೆ. 1981ರಲ್ಲಿ ಜಪಾನಿನ ಹಿರಯಾಮಾ ಎಂಬ ವಿಜ್ಞಾನಿ, ಸ್ವತಃ ಸೇದದ 90,000ಕ್ಕೂ ಹೆಚ್ಚು ಗೃಹಿಣಿಯರನ್ನು 14 ವರ್ಷ ಗಮನಿಸಿದ ಫಲವನ್ನು ಪ್ರಕಟಿಸಿದರು. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿತ್ತು. ಹೊಗೆ ತುಂಬಿದ ಮನೆಯ ಮಕ್ಕಳಿಗೆ ಉಬ್ಬಸ, ನ್ಯುಮೋನಿಯ, ಕಿವಿಯ ಸೋಂಕುಗಳು ಹೆಚ್ಚೆಂಬುದು ಈಗ ನಿಸ್ಸಂದೇಹವಾಗಿ ತಿಳಿದಿದೆ. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ 4ರಿಂದ 11 ವರ್ಷದ ಮಕ್ಕಳನ್ನು ಪರೀಕ್ಷಿಸಿತು. ಪರರ ಹೊಗೆಯ ಗುರುತು ರಕ್ತದಲ್ಲಿದ್ದ ಮಕ್ಕಳ ಹಾಲುಹಲ್ಲುಗಳಲ್ಲಿ ಹುಳುಕು ಹೆಚ್ಚಾಗಿ ಕಂಡಿತು. ಹೊಗೆಯೊಂದೇ ಹಲ್ಲನ್ನು ತಿನ್ನುತ್ತದೆಂದು ಇದರಿಂದ ಸಾಧಿಸಲಾಗದು. ನನ್ನ ಮಗಳ ಹಲ್ಲನ್ನು ತಿಂದದ್ದರಲ್ಲಿ ಹೊಗೆಯ ಪಾಲೆಷ್ಟು, ಪೆಪ್ಪರಮಿಂಟಿನ ಪಾಲೆಷ್ಟು ಎಂದು ಯಾರೂ ಅಳೆದು ಹೇಳಲಾರರು. ಆದರೆ ಎರಡೂ ಬಂದದ್ದು ಒಂದೇ ಅಂಗಡಿಯಿಂದ, ನಾನು ಕೊಟ್ಟ ದುಡ್ಡಿನಿಂದ.

ಹದಿನೆಂಟು ತುಂಬದವರಿಗೆ ಸಿಗರೇಟು ಮಾರುವುದನ್ನು 2003ರ ಕಾನೂನು ತಡೆಯಿತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನಕ್ಕೆ ದೇಶದಾದ್ಯಂತ ನಿಷೇಧವಿದೆ. ಆದರೆ ಕಾನೂನು ಮನೆಯ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ಒಳಗೆ ನಡೆಯಬೇಕಾದುದು ಮನೆಯ ಯಜಮಾನನ ವಿವೇಕ.

ನನ್ನ ವಿವೇಕ ಎಚ್ಚೆತ್ತದ್ದು 2014ರಲ್ಲಿ. ಬಾಣಂತನಕ್ಕೆ ಬಂದಿದ್ದ ಮಗಳು ಕೂಸನ್ನೆತ್ತಿಕೊಂಡು ನನ್ನ ಕೋಣೆಯ ಬಾಗಿಲವರೆಗೆ ಬಂದು ನಿಂತಳು. ಒಳಗೆ ಕಾಲಿಡಲಿಲ್ಲ. "ಅಪ್ಪಾ, ಮಗುವನ್ನು ನೋಡಬೇಕಿದ್ದರೆ ನೀವೇ ಈಚೆಗೆ ಬನ್ನಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ತಾನು ಕುಡಿದದ್ದನ್ನು ತನ್ನ ಮಗ ಕುಡಿಯಬಾರದು, ಅಷ್ಟೆ. ಹಿಂದೆ ಎರಡು ಸಲ ಬಿಟ್ಟು ಮತ್ತೆ ಹಿಡಿದಿದ್ದವನು ನಾನು. ಮೂರನೆಯ ಸಲ ವೈದ್ಯರ ನೆರವು ಪಡೆದು ಬಿಟ್ಟೆ. ನೆರವು ಕೇಳುವುದು ಅವಮಾನವಲ್ಲ. ಬಿಡಬಯಸುವವರಿಗಾಗಿ 1800-11-2356 ಎಂಬ ಉಚಿತ ದೂರವಾಣಿಯೂ ಇದೆ.

ಕೇಳುಗ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟು. ಮಗುವಿನ ಮೊದಲ ಹಲ್ಲು ಮೂಡಿದಂದಿನಿಂದಲೇ ಅದನ್ನು ಶುಚಿಗೊಳಿಸಿ. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟು ಸಾಕು. ಏಳೆಂಟು ವರ್ಷದವರೆಗೆ ಹಿರಿಯರೊಬ್ಬರು ಜೊತೆಗೆ ನಿಂತು ಉಜ್ಜಿಸಬೇಕು. ಬೆಳಿಗ್ಗೆ ಒಮ್ಮೆ ತಪ್ಪಿದರೂ ರಾತ್ರಿಯದು ತಪ್ಪಬಾರದು; ಆಮೇಲೆ ನೀರಲ್ಲದೆ ಬೇರೇನೂ ಬೇಡ. ಇದ್ದಿಲು, ಇಟ್ಟಿಗೆಪುಡಿಗಳು ಹಲ್ಲನ್ನು ಸವೆಸುತ್ತವೆ. ಹಲ್ಲುನೋವಿಗೆ ಹೊಗೆಸೊಪ್ಪು ಒತ್ತಿಕೊಳ್ಳುವ ರೂಢಿ ಚಟಕ್ಕೆ ಹೆಬ್ಬಾಗಿಲು. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು 1992ರಲ್ಲೇ ಸರ್ಕಾರ ನಿಷೇಧಿಸಿತು. ಇದೆಲ್ಲಕ್ಕೂ ಮೊದಲು, ಮಗು ಉಸಿರಾಡುವ ಕೋಣೆಯಲ್ಲಿ ಬೆಂಕಿಕಡ್ಡಿ ಗೀರಬೇಡಿ.

ಈಗ ನನ್ನ ಮೊಮ್ಮಗನ ನಾಲ್ಕೂ ದವಡೆಹಲ್ಲುಗಳು ಗಟ್ಟಿಯಾಗಿವೆ. ಮೊನ್ನೆ ಊಟಕ್ಕೆ ಕುಳಿತಾಗ ಅವನು ತಾಯಿಯನ್ನು, "ಅಮ್ಮಾ, ನೀನು ಯಾಕೆ ಯಾವಾಗಲೂ ಎಡಗಡೆಯಲ್ಲೇ ಅಗಿಯುತ್ತೀ?" ಎಂದು ಕೇಳಿದ. ಅವಳು ನನ್ನತ್ತ ಒಮ್ಮೆ ನೋಡಿ, "ತಾತನನ್ನು ಕೇಳು" ಎಂದಳು. ಅಂದು ಅವನಿಗೆ ಹೇಳಿದ್ದನ್ನೇ ಇಂದು ನಿಮಗೂ ಹೇಳಿದ್ದೇನೆ.