ಕೊಂಡ ಹಾಡಿಗೆ ಬೀಗವೇಕೆ?



ಬೋನಸ್ಸು, ತುಟ್ಟಿಭತ್ಯೆ, ಅಂಗಡಿ ಬಾಡಿಗೆ ಇಷ್ಟೆಲ್ಲ ತಾಪತ್ರಯಗಳ ನಡುವೆ ಹಾಡಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನಾವಿಂದು ರಾಗ ತಾಳಗಳ ವಿಚಾರ ಎತ್ತುತ್ತಿಲ್ಲ. ದುಡ್ಡು ಎಣಿಸಿ ಕೊಟ್ಟ ಮೇಲೆ ಸರಕು ಯಾರದು, ಇಷ್ಟೇ ನಮ್ಮ ಪ್ರಶ್ನೆ. ತಕ್ಕಡಿ ಹಿಡಿದವರಿಗೂ ಮಗ್ಗ ನಡೆಸುವವರಿಗೂ ಇದು ಹೊಸ ಪ್ರಶ್ನೆಯೇನಲ್ಲ.

ಗಿರಾಕಿಯೊಬ್ಬ ತಾಮ್ರದ ಕೊಡ ಕೊಂಡನೆನ್ನಿ. ಅದರಲ್ಲಿ ಅವನು ನೀರು ತುಂಬಲಿ, ಮಗಳಿಗೆ ಬಳುವಳಿ ಕೊಡಲಿ, ಕಷ್ಟ ಬಂದಾಗ ಅಡವಿಡಲಿ, ಮಾರಿದವನು ಬಂದು ಕೇಳುವ ಹಾಗಿಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಹಾಡಿನ ವ್ಯಾಪಾರವೂ ಹೀಗೆಯೇ ಇತ್ತು. ಜಯನಗರದಲ್ಲಿ ಕೊಂಡ ಕ್ಯಾಸೆಟ್ಟು ಬನಶಂಕರಿಯ ನೆಂಟರ ಮನೆಯ ಟೇಪ್‌ರೆಕಾರ್ಡರಿನಲ್ಲೂ ಹಾಡುತ್ತಿತ್ತು. ಅಂಗಡಿ ಮುಚ್ಚಿಹೋದರೂ ಹಾಡುತ್ತಿತ್ತು.

ಹಾಡು ಕಂಪ್ಯೂಟರಿನ ಫೈಲಾದ ಮೇಲೆ ಈ ಸರಳ ವ್ಯವಹಾರಕ್ಕೆ ಸಂಚಕಾರ ಬಂತು. ಫೈಲನ್ನು ನಕಲು ಮಾಡಲು ಕಾಸು ಖರ್ಚಿಲ್ಲ; ಒಂದು ಸಾವಿರವಾಗಬಹುದು. ಕಂಪೆನಿಗಳಿಗೆ ಹೆದರಿಕೆಯಾದುದು ಸಹಜ. ಅದಕ್ಕೆ ಅವು ಕಂಡುಕೊಂಡ ಉಪಾಯವೇ ಬೀಗ. ಡಿ.ಆರ್.ಎಂ. ಎಂದು ಅದಕ್ಕೆ ಹೆಸರು. ಹಾಡನ್ನು ಗೂಢಲಿಪಿಯಲ್ಲಿ ಮುಚ್ಚಿ ನಿಮಗೆ ಕೊಡುತ್ತಾರೆ. ಅದನ್ನು ತೆರೆಯುವ ಕೀಲಿಯನ್ನು ಕಂಪೆನಿಯ ಯಂತ್ರವೇ ಕೊಡಬೇಕು. ನೀವು ಫೋನು ಬದಲಾಯಿಸಿದಿರಿ, ಕಂಪ್ಯೂಟರು ಕೆಟ್ಟಿತು. ಮತ್ತೆ ಆ ಯಂತ್ರದ ಮುಂದೆ ನಿಂತು ಅಪ್ಪಣೆ ಬೇಡಬೇಕು. ಯಂತ್ರವನ್ನೇ ನಿಲ್ಲಿಸಿದರೆ? 2008ರಲ್ಲಿ ಅಮೆರಿಕದಲ್ಲಿ ಅದೇ ಆಯಿತು. ಮೈಕ್ರೋಸಾಫ್ಟ್ ಕಂಪೆನಿ ತಾನು ಹಿಂದೆ ಮಾರಿದ್ದ ಹಾಡುಗಳಿಗೆ ಕೀಲಿ ಕೊಡುವುದನ್ನು ನಿಲ್ಲಿಸುವುದಾಗಿ ಸಾರಿತು. ಕೊಂಡವರು ಗಲಾಟೆ ಎಬ್ಬಿಸಿದ ಮೇಲೆ ವಾಯಿದೆ ಮುಂದೂಡಿತು. ಅದೇ ವರ್ಷ ಯಾಹೂ ಕಂಪೆನಿಯದೂ ಇದೇ ಕಥೆ. ಸೋನಿ ಬಿ.ಎಂ.ಜಿ. ಎಂಬುದಂತೂ 2005ರಲ್ಲಿ ಸಿ.ಡಿ.ಗಳೊಳಗೆ ಗುಪ್ತ ತಂತ್ರಾಂಶವಿಟ್ಟು ಕೊಂಡವರ ಕಂಪ್ಯೂಟರಿನೊಳಕ್ಕೇ ನುಗ್ಗಿತ್ತು. ಬಯಲಾದ ಮೇಲೆ ಲಕ್ಷಗಟ್ಟಲೆ ಸಿ.ಡಿ.ಗಳನ್ನು ವಾಪಸು ಪಡೆಯಬೇಕಾಯಿತು.

ಈ ಬೀಗದಿಂದ ಕಳ್ಳನಿಗೇನೂ ತೊಂದರೆಯಾಗಲಿಲ್ಲ ಎಂಬುದನ್ನು ಗಮನಿಸಿರಿ. ಅವನ ಕೈಗೆ ಬರುವ ಹೊತ್ತಿಗೆ ಬೀಗ ಒಡೆದೇ ಇರುತ್ತದೆ. ಕಾಸು ಕೊಟ್ಟವನೇ ಬಾಗಿಲಾಚೆ ನಿಂತ.

ಬೀಗ ತೆಗೆದದ್ದೂ ಧರ್ಮಬುದ್ಧಿಯಿಂದಲ್ಲ. ಆಪಲ್ ಕಂಪೆನಿ 2003ರಿಂದ ಬೀಗ ಹಾಕಿದ ಹಾಡುಗಳನ್ನು ಮಾರುತ್ತ, ಆ ಬೀಗದ ಬಲದಿಂದಲೇ ಪೇಟೆಯನ್ನು ಕೈವಶ ಮಾಡಿಕೊಂಡಿತು. ಹಾಡಿನ ಕಂಪೆನಿಗಳಿಗೆ ತಾವು ಹಾಕಿಸಿದ ಬೀಗ ತಮಗೇ ಉರುಳಾಗುತ್ತಿರುವುದು ಕಂಡಿತು. 2007ರಲ್ಲಿ ಅಮೆಜಾನ್ ಅಂಗಡಿ ತೆರೆದಾಗ ಅವು ಒಂದೊಂದಾಗಿ ಅದಕ್ಕೆ ಬೀಗವಿಲ್ಲದ ಹಾಡು ಕೊಟ್ಟವು. 2009ರಲ್ಲಿ ಆಪಲ್ ಕೂಡ ತನ್ನ ಹಾಡುಗಳ ಬೀಗ ತೆಗೆಯಿತು. ದೊಡ್ಡವರಿಬ್ಬರ ಜಗಳದಲ್ಲಿ ಕೊಳ್ಳುವವನಿಗೆ ಒಂದಿಷ್ಟು ಲಾಭವಾಯಿತು. ಇಂಥದು ಅಪರೂಪಕ್ಕೊಮ್ಮೆ ನಡೆಯುತ್ತದೆ.

ಈಗ ನಮ್ಮ ಬೆಂಗಳೂರಿಗೆ ಬರೋಣ. ನಮ್ಮ ಊರುಗಳಿಂದ ಕೆಲಸ ಹುಡುಕಿಕೊಂಡು ಹೋದ ಎಷ್ಟೋ ಮಕ್ಕಳು ಬಿ.ಟಿ.ಎಂ. ಬಡಾವಣೆಯ ಪಿ.ಜಿ.ಗಳಲ್ಲಿ, ಜೆ.ಪಿ. ನಗರದ ಬಾಡಿಗೆ ಕೋಣೆಗಳಲ್ಲಿ ಇದ್ದಾರೆ. ಅಲ್ಲೇ ಮಗ್ಗುಲಿನ ಕೋರಮಂಗಲದಲ್ಲಿ 2007ರಲ್ಲಿ ಪುಸ್ತಕದ ವ್ಯಾಪಾರದಿಂದ ಆರಂಭವಾದ ಫ್ಲಿಪ್‌ಕಾರ್ಟ್ ಕಂಪೆನಿಯ ಹೆಸರು ನಿಮಗೆಲ್ಲ ಗೊತ್ತು. ಸಣ್ಣ ವ್ಯಾಪಾರಿಗಳಿಗೆ ಸ್ವಲ್ಪ ಹೆಚ್ಚಾಗಿಯೇ ಗೊತ್ತು! ಆ ಕಂಪೆನಿ 2012ರಲ್ಲಿ ‘ಫ್ಲೈಟ್’ ಎಂಬ ಹಾಡಿನ ಅಂಗಡಿ ತೆರೆಯಿತು. ಹಾಡೊಂದರ ಬೆಲೆ 6 ರೂಪಾಯಿಯಿಂದ ಶುರು. ಎಂಪಿ3 ಫೈಲು, ಬೀಗವಿಲ್ಲ. ಇಳಿಸಿಕೊಂಡ ಮೇಲೆ ಫೋನಿಗೆ ಹಾಕಿ, ಪೆನ್‌ಡ್ರೈವಿಗೆ ಹಾಕಿ, ಆಟೋದಲ್ಲಿ ಕೇಳಿ. ಯಾವ ಯಂತ್ರದ ಅಪ್ಪಣೆಯೂ ಬೇಡ. ಆ ಕಂಪೆನಿಯ ಬೇರೆ ವ್ಯವಹಾರಗಳ ಬಗ್ಗೆ ನಮಗೆ ಏನೇ ತಕರಾರಿರಲಿ, ಈ ಒಂದು ಮಾರಾಟ ಮರ್ಯಾದೆಯ ಮಾರಾಟವಾಗಿತ್ತು.

ಆದರೆ ಅಂಗಡಿ ಒಂದೂವರೆ ವರ್ಷವೂ ಬಾಳಲಿಲ್ಲ. 2013ರ ಜೂನ್ 17ರಂದು ಮುಚ್ಚಿತು. ಕಳ್ಳ ನಕಲುಗಳ ಹಾವಳಿ ಮತ್ತು ಸಣ್ಣ ಮೊತ್ತದ ಪಾವತಿಯ ತೊಡಕು, ಇವು ಬಗೆಹರಿಯದೆ ಈ ವ್ಯಾಪಾರ ಬೆಳೆಯದು ಎಂಬುದು ಕಂಪೆನಿ ಕೊಟ್ಟ ಕಾರಣ. ಎರಡನೆಯ ಕಾರಣ ವ್ಯಾಪಾರಿಗಳಿಗೆ ಥಟ್ಟನೆ ಅರ್ಥವಾಗುತ್ತದೆ. ಪುಸ್ತಕವಾದರೆ ಮನೆ ಬಾಗಿಲಲ್ಲಿ ನಗದು ಕೊಟ್ಟು ಪಡೆಯಬಹುದು. ಆ ಕಂಪೆನಿ 2010ರಲ್ಲಿ ಬೆಳೆದದ್ದೇ ಆ ಪದ್ಧತಿಯಿಂದ. ತಂತಿಯ ಮೇಲೆ ಬರುವ ಹಾಡಿಗೆ ಬಾಗಿಲಲ್ಲಿ ನಿಂತು ನಗದು ತೆಗೆದುಕೊಳ್ಳುವವರು ಯಾರು? ಕಾರ್ಡಿನಲ್ಲಿ ಕೊಟ್ಟರೆ ಬ್ಯಾಂಕು ತನ್ನ ಪಾಲು, ಮಧ್ಯದವನು ತನ್ನ ಪಾಲು ಕಡಿದುಕೊಳ್ಳುತ್ತಾನೆ. ಆರು ರೂಪಾಯಿಯಲ್ಲಿ ಎಷ್ಟು ಮಂದಿ ಉಣ್ಣಬೇಕು? ಇನ್ನು ಕಾರ್ಡೇ ಇಲ್ಲದ ಗಿರಣಿ ಕಾರ್ಮಿಕನಿಗೆ ಆ ಅಂಗಡಿಯ ಹೊಸ್ತಿಲೇ ದಾಟಲಾಗದು.

ಆದರೂ ಒಂದು ಮಾತು ಉಳಿಯಿತು. ಅಂಗಡಿ ಮುಚ್ಚುವ ಮುನ್ನ ಹಾಡುಗಳನ್ನು ಇಳಿಸಿ ಇಟ್ಟುಕೊಂಡವರು ಏನನ್ನೂ ಕಳೆದುಕೊಳ್ಳಲಿಲ್ಲ. ಜಯನಗರದ ಯಾವ ಮನೆಯಲ್ಲಿ ಆ ಫೈಲು ಉಳಿದಿದೆಯೋ ಅಲ್ಲಿ ಅದು ಈಗಲೂ ಹಾಡುತ್ತದೆ. ಮೈಕ್ರೋಸಾಫ್ಟಿನ ಗಿರಾಕಿಗಳ ಪಾಡಿನೊಂದಿಗೆ ಇದನ್ನು ಹೋಲಿಸಿ ನೋಡಿ.

2016ರಲ್ಲಿ ಯು.ಪಿ.ಐ. ಬಂತು. ಇಂದು ಚಹದಂಗಡಿಯಲ್ಲೂ ಐದು ಹತ್ತು ರೂಪಾಯಿ ಫೋನಿನಲ್ಲೇ ಕೊಡುತ್ತೇವೆ. ಹಾಗಾದರೆ ಆರು ರೂಪಾಯಿಯ ಹಾಡಿನಂಗಡಿ ಮತ್ತೆ ಬರಬೇಕಿತ್ತಲ್ಲವೆ? ಬರಲಿಲ್ಲ. ಅಷ್ಟರಲ್ಲಿ ಬಂಡವಾಳಕ್ಕೆ ಮಾರಾಟಕ್ಕಿಂತ ಬಾಡಿಗೆಯೇ ರುಚಿಸಿತ್ತು. ಒಮ್ಮೆ ಮಾರಿದ ಹಾಡು ಒಮ್ಮೆ ಕಾಸು ತರುತ್ತದೆ. ಬಾಡಿಗೆ ತಿಂಗಳು ತಿಂಗಳೂ ತರುತ್ತದೆ. ಈ ರುಚಿ ಹಳೆಯದು. ಕಾಲರ್ ಟ್ಯೂನ್ ನೆನಪಿದೆಯೆ? ತಿಂಗಳಿಗೆ 30 ರೂಪಾಯಿ ನಮ್ಮಿಂದ, ಹಾಡು ಕೇಳುವವರು ನಮಗೆ ಫೋನು ಮಾಡಿದವರು! ಕೇಳದೆಯೇ ಹಣ ಕಡಿತವಾಗುತ್ತಿದೆಯೆಂಬ ದೂರುಗಳು ಹೆಚ್ಚಿ, ಗಿರಾಕಿಯಿಂದ ಎರಡೆರಡು ಬಾರಿ ಒಪ್ಪಿಗೆ ಪಡೆಯಬೇಕೆಂದು ಟ್ರಾಯ್ ಅಪ್ಪಣೆ ಹೊರಡಿಸಬೇಕಾಯಿತು.

ಬಾಡಿಗೆ ಎಂದರೆ ಪಾಪವೆಂದು ನಾವು ಹೇಳುವುದಿಲ್ಲ. ದಿನಕ್ಕೆ ಐವತ್ತು ಹೊಸ ಹಾಡು ಕೇಳುವ ಹುಡುಗನಿಗೆ ಅದೇ ಅಗ್ಗ. ಆದರೆ ಬಾಡಿಗೆಯನ್ನು ಬಾಡಿಗೆಯೆಂದೇ ಕರೆಯಬೇಕು. ಈ ಆಪ್‌ಗಳಲ್ಲಿ ‘ಡೌನ್‌ಲೋಡ್’ ಎಂಬ ಗುಂಡಿ ಇರುತ್ತದೆ. ಒತ್ತಿದವನು ಹಾಡು ತನ್ನದಾಯಿತೆಂದು ನಂಬುತ್ತಾನೆ. ಸಾಮಾನ್ಯವಾಗಿ ಅದು ಆ ಆಪ್‌ನೊಳಗೆ ಬೀಗ ಹಾಕಿಕೊಂಡೇ ಕೂತಿರುತ್ತದೆ. ಚಂದಾ ನಿಂತ ದಿನ ಬಾಯಿ ಮುಚ್ಚುತ್ತದೆ. ಗಾನಾ 2022ರಲ್ಲಿ ಪುಕ್ಕಟೆ ಕೇಳುವುದನ್ನು ನಿಲ್ಲಿಸಿತು. 2024ರಲ್ಲಿ ರೆಸ್ಸೋ ನಮ್ಮ ದೇಶದಲ್ಲಿ ಅಂಗಡಿ ಕಟ್ಟಿತು, ಏರ್‌ಟೆಲಿನ ವಿಂಕ್ ಕೂಡ ಬಾಗಿಲು ಹಾಕಿತು. ವರ್ಷಗಟ್ಟಲೆ ಆರಿಸಿ ಜೋಡಿಸಿಟ್ಟ ಪಟ್ಟಿಗಳ ಗತಿ ಏನೆಂದು ಆ ಗಿರಾಕಿಗಳನ್ನೇ ಕೇಳಬೇಕು.

ಇನ್ನು ಕಾಯಿದೆಯ ಮಾತು. ಇದನ್ನು ಮೊಬೈಲ್ ಅಂಗಡಿಯ ಮಿತ್ರರು ಕಿವಿಗೊಟ್ಟು ಕೇಳಬೇಕು. ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ತಿದ್ದುಪಡಿಯಾಯಿತು. ಅದರಲ್ಲೊಂದು ಒಳ್ಳೆಯ ಅಂಶವಿದೆ: ಸಿನಿಮಾ ಹಾಡು ಬರೆದವರು, ಸಂಗೀತ ಕಟ್ಟಿದವರು ತಮ್ಮ ರಾಯಧನದ ಹಕ್ಕನ್ನು ಕಂಪೆನಿಗೆ ಬರೆದುಕೊಟ್ಟು ಕೈ ತೊಳೆದುಕೊಳ್ಳುವಂತಿಲ್ಲ. ದುಡಿದವರಿಗೆ ದುಡಿಮೆಯ ಪಾಲು. ನಾವು ಇದನ್ನು ಸ್ವಾಗತಿಸುತ್ತೇವೆ. ಅದೇ ತಿದ್ದುಪಡಿ, ಹಕ್ಕು ಮುರಿಯುವ ಉದ್ದೇಶದಿಂದ ಬೀಗ ಒಡೆಯುವುದನ್ನು ಎರಡು ವರ್ಷದವರೆಗೆ ಸೆರೆವಾಸದ ಅಪರಾಧ ಮಾಡಿತು. ಕೊಂಡವನಿಗೆ ಹಾಡು ಕೇಳಿಸದಂತೆ ಬೀಗ ಹಾಕಿ ಹೋಗುವ ಕಂಪೆನಿಗೆ ಮಾತ್ರ ಅಲ್ಲಿ ಯಾವ ಶಿಕ್ಷೆಯೂ ಕಾಣುವುದಿಲ್ಲ. ನಮ್ಮ ರಾಜ್ಯವಂತೂ 2014ರಲ್ಲಿ ಗೂಂಡಾ ಕಾಯಿದೆಯೊಳಕ್ಕೆ ‘ಡಿಜಿಟಲ್ ಅಪರಾಧಿ’ಯನ್ನೂ ಸೇರಿಸಿತು. ಕೋರ್ಟಿನಲ್ಲಿ ಅಪರಾಧ ಸಾಬೀತಾಗುವ ಮೊದಲೇ ಬಂಧನದಲ್ಲಿಡುವ ಕಾಯಿದೆ ಅದು. ಮೆಮೊರಿ ಕಾರ್ಡಿಗೆ ಹಾಡು ತುಂಬಿ ಇಪ್ಪತ್ತು ಮೂವತ್ತು ರೂಪಾಯಿ ಸಂಪಾದಿಸುವ ಗೂಡಂಗಡಿಯವನೂ ರೌಡಿಯೂ ಒಂದೇ ಪಟ್ಟಿಗೆ ಸೇರಬೇಕೆ? ಕಲಾವಿದನ ಪಾಲನ್ನು ಕದಿಯುವುದನ್ನು ನಾವು ಸಮರ್ಥಿಸುವುದಿಲ್ಲ. ಆರು ರೂಪಾಯಿಗೆ ನೆಟ್ಟಗೆ ಕೊಳ್ಳುವ ದಾರಿ ಪೇಟೆಯಲ್ಲಿ ಇದ್ದಿದ್ದರೆ ಆ ಅಂಗಡಿಯವನೇ ಅದರ ಏಜೆಂಟನಾಗಿ ನಾಲ್ಕು ಕಾಸು ಕಾಣುತ್ತಿದ್ದ ಎನ್ನುವುದು ನಮ್ಮ ವಾದ.

ಬೀಗವಿಲ್ಲದ ಹಾಡು ಇಂದಿಗೂ ಸಿಗುತ್ತದೆ. ಆಪಲ್‌ನ ಐಟ್ಯೂನ್ಸ್ ಅಂಗಡಿ 2012ರ ಡಿಸೆಂಬರಿನಲ್ಲಿ ಭಾರತಕ್ಕೆ ಬಂತು. ಅಲ್ಲಿ ಬಿಡಿ ಹಾಡಾಗಿ ಕೊಂಡದ್ದಕ್ಕೆ ಬೀಗವಿರುವುದಿಲ್ಲ, ತಿಂಗಳ ಚಂದಾದಲ್ಲಿ ಇಳಿಸಿದ್ದಕ್ಕೆ ಇರುತ್ತದೆ. ಎರಡನ್ನೂ ಒಂದೆಂದು ತಿಳಿಯಬೇಡಿ. ಬ್ಯಾಂಡ್‌ಕ್ಯಾಂಪ್ ಎಂಬಲ್ಲಿ ಹಾಡುಗಾರರು ತಾವೇ ಮಾರುತ್ತಾರೆ, ಬೆಲೆಯ ಹೆಚ್ಚಿನ ಪಾಲು ಅವರಿಗೇ ಹೋಗುತ್ತದೆ. ಆ ಕಂಪೆನಿಯೂ 2022ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಕೈ ಬದಲಾಯಿತು. ಎರಡನೆಯ ಬಾರಿ ಅರ್ಧದಷ್ಟು ನೌಕರರು ಕೆಲಸ ಕಳೆದುಕೊಂಡರು. ಆದುದರಿಂದ ಯಾವ ಅಂಗಡಿಯ ಕಪಾಟನ್ನೂ ನಂಬಿ ಕೊಂಡದ್ದನ್ನು ಅಲ್ಲೇ ಬಿಡಬೇಡಿ. ಕೊಂಡ ದಿನವೇ ಇಳಿಸಿಕೊಳ್ಳಿ. ಫೋನಿನಲ್ಲೊಂದು, ಮನೆಯ ಪೆನ್‌ಡ್ರೈವಿನಲ್ಲೊಂದು ಪ್ರತಿ ಇಡಿ. ಸ್ವಂತ ಕೇಳುವಿಕೆಗಾಗಿ ಇಷ್ಟು ಮಾಡಿಕೊಳ್ಳಲು ಕಾಯಿದೆಯಲ್ಲೇ ಅವಕಾಶವಿದೆ. ಇಮೇಲಿಗೆ ಬಂದ ರಶೀದಿಯನ್ನು ಅಳಿಸಬೇಡಿ.

ಅಂಗಡಿಯ ಮಿತ್ರರಿಗೆ ಕೊನೆಯದೊಂದು ಮಾತು. ಗಿರಾಕಿ ತಾನು ಕೊಂಡ ಹಾಡುಗಳಿರುವ ಹಳೆಯ ಫೋನು ತಂದರೆ, ಅವನದನ್ನು ಅವನ ಹೊಸ ಫೋನಿಗೆ ದಾಟಿಸಿ ಕೂಲಿ ತೆಗೆದುಕೊಳ್ಳಿ. ನಿಮ್ಮ ಕಂಪ್ಯೂಟರಿನ ರಾಶಿಯಿಂದ ತುಂಬಿ ಮಾರುವ ಗೊಡವೆಗೆ ಮಾತ್ರ ಹೋಗಬೇಡಿ. ಪೊಲೀಸರು ಬಂದ ದಿನ ಯಾವ ಹಾಡಿನ ಕಂಪೆನಿಯೂ ನಿಮ್ಮ ಜಾಮೀನಿಗೆ ಬರುವುದಿಲ್ಲ.