ಪೊರೆಯ ಹೊಸ್ತಿಲಲ್ಲಿ

(ಬಾನುಲಿ ಭಾಷಣ)

ಕನ್ನಡದಲ್ಲಿ 'ಪೊರೆ' ಎಂಬ ಮಾತಿಗೆ ಎರಡು ಅರ್ಥಗಳುಂಟು. ನಾಮಪದವಾದಾಗ ಅದು ತೆಳುವಾದ ಹೊದಿಕೆ. ಕ್ರಿಯಾಪದವಾದಾಗ ಕಾಪಾಡು, ಸಲಹು. ನಮ್ಮ ಶರೀರದ ಒಂದೊಂದು ಜೀವಕೋಶವನ್ನೂ ಸುತ್ತುವರಿದಿರುವ ಪೊರೆಗೆ ಈ ಎರಡು ಅರ್ಥಗಳೂ ಸಲ್ಲುತ್ತವೆ. ಕೊಬ್ಬಿನ ಎರಡು ಪದರಗಳಿಂದಾದ ಅದರ ದಪ್ಪ ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನಷ್ಟೂ ಇಲ್ಲ. ಆದರೆ ಬಾಗಿಲಿಲ್ಲದ ಗೋಡೆ ಸೆರೆಮನೆಯಾದೀತು. ಆದುದರಿಂದಲೇ ಈ ಪೊರೆಯನ್ನು ಅಡ್ಡಹಾಯ್ದು, ಒಂದು ತುದಿಯನ್ನು ಹೊರಗೂ ಇನ್ನೊಂದನ್ನು ಒಳಗೂ ಚಾಚಿ ನಿಂತ ಪ್ರೋಟೀನುಗಳಿವೆ.

ನಾನು ಜೀವವಿಜ್ಞಾನಿಯಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾಗಿ ದೇಸೂರಿನಲ್ಲಿರುವವನು. ಬೆಳಗಾವಿಗೂ ಖಾನಾಪುರಕ್ಕೂ ನಡುವಣ ಈ ಊರಿನಲ್ಲಿ ಕನ್ನಡ ಮರಾಠಿಗಳೆರಡನ್ನೂ ಬಲ್ಲವರು ಬಹಳ. ಈ ಪ್ರೋಟೀನುಗಳೂ ಅಂಥ ದುಭಾಷಿಗಳೇ: ಹೊರಗಿನ ಮಾತನ್ನು ಕೇಳಿ ಒಳಗಿನವರ ನುಡಿಯಲ್ಲಿ ತಿಳಿಸುತ್ತವೆ.

ಚರ್ಮ ಮತ್ತು ಬಾಯಿಯ ಒಳಪದರದ ಕೋಶಗಳಲ್ಲಿ ಇ.ಜಿ.ಎಫ್.ಆರ್. ಎಂಬ ಗ್ರಾಹಿ ಇದೆ. 'ಬೆಳೆ' ಎಂಬ ಸಂದೇಶವನ್ನು ಹೊತ್ತ ಕಿರುಪ್ರೋಟೀನು ಅದರ ಹೊರತುದಿಗೆ ತಗುಲಿದೊಡನೆ ಎರಡು ಗ್ರಾಹಿಗಳು ಜೋಡಿಯಾಗುತ್ತವೆ. ಒಳತುದಿ ಎಚ್ಚತ್ತು ಸುದ್ದಿಯನ್ನು ಕೋಶಕೇಂದ್ರಕ್ಕೆ ಮುಟ್ಟಿಸುತ್ತದೆ, ಕೋಶ ಇಬ್ಭಾಗವಾಗುತ್ತದೆ. ಗಾಯ ಮಾಯುವುದಕ್ಕೆ ಇದು ಬೇಕು. ಆ ಸಂದೇಶವಾಹಕವನ್ನು ಕಂಡುಹಿಡಿದ ಸ್ಟಾನ್ಲಿ ಕೋಹೆನ್ನರು 1986ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು.

ಪೊರೆಯುವುದೇ ಮುನಿದರೆ? ನಮ್ಮ ಜಿಲ್ಲೆಯ ನಿಪ್ಪಾಣಿ ಸೀಮೆ ತಂಬಾಕಿಗೆ ಹೆಸರಾದುದು. ಆ ಬೆಳೆಯಿಂದ ಎಷ್ಟೋ ಮನೆಗಳ ಒಲೆ ಉರಿದಿದೆ. 1981ರಲ್ಲಿ ಅದರ ನ್ಯಾಯಬೆಲೆಗಾಗಿ ಹೋರಾಡಿ ರೈತರು ಪ್ರಾಣವನ್ನೂ ತೆತ್ತರು. ಆದರೆ ಅದೇ ಎಲೆ ವರುಷಗಟ್ಟಲೆ ದವಡೆಯಲ್ಲಿ ಕುಳಿತರೆ ಕೋಶದ ವಂಶವಾಹಿಗಳನ್ನು ಕೆಡಿಸುತ್ತದೆ. ಬಾಯಿ ಗಂಟಲುಗಳ ಬಹುಪಾಲು ಅರ್ಬುದಗಳಲ್ಲಿ ಈ ಗ್ರಾಹಿ ಮಿತಿಮೀರಿ ಹೆಚ್ಚಿರುತ್ತದೆ. ಸ್ತನದ ಅರ್ಬುದಗಳಲ್ಲಿ ಐದಾರಕ್ಕೊಂದರಲ್ಲಿ ಇದರ ಸೋದರ ಹರ್-2 ಕಿಕ್ಕಿರಿದು, ಸಂದೇಶ ಬಾರದಿದ್ದರೂ ತಾನೇ ಜೋಡಿಗೂಡಿ, 'ಬೆಳೆ, ಬೆಳೆ' ಎಂದು ಕೂಗುತ್ತಿರುತ್ತದೆ.

ಹೊರಗೆ ಚಾಚಿದ ತುದಿಯೇ ಇಲ್ಲಿ ವೈದ್ಯನ ಕೈಗೆ ಸಿಗುವ ಹಿಡಿ. ಕೋಶದೊಳಕ್ಕೆ ನುಗ್ಗಲಾರದ ಪ್ರತಿಕಾಯಗಳು ಹೊಸ್ತಿಲಲ್ಲಿಯೇ ಆ ತುದಿಯನ್ನು ಹಿಡಿದು ಬಾಯಿ ಮುಚ್ಚಿಸುತ್ತವೆ. ಹರ್-2ನ್ನು ತಡೆಯುವ ಟ್ರಾಸ್ಟುಜುಮಾಬಿಗೆ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಕ್ಯೂಬಾದಲ್ಲಿ ರೂಪುಗೊಂಡ ನಿಮೊಟುಜುಮಾಬನ್ನು ಬೆಂಗಳೂರಿನ ಬಯೋಕಾನ್ ಸಂಸ್ಥೆ 2006ರಲ್ಲಿ ತಲೆ-ಕೊರಳುಗಳ ಅರ್ಬುದಕ್ಕೆಂದು ನಮ್ಮ ದೇಶಕ್ಕೆ ತಂದಿತು. 2014ರಲ್ಲಿ ಟ್ರಾಸ್ಟುಜುಮಾಬಿನ ತನ್ನದೇ ರೂಪವನ್ನು ಹೊರತಂದಿತು. ಮೂಲ ಮದ್ದಿನ ಬೆಲೆಗೆ ಬೆದರಿ ಹಿಂತಿರುಗುತ್ತಿದ್ದ ಸಂಸಾರಗಳಿಗೆ ಇದು ಸಣ್ಣ ಸಂಗತಿಯಲ್ಲ.

ಹಾಗೆಂದು ಹೊಸ್ತಿಲಲ್ಲಿ ಎಲ್ಲವೂ ನಮ್ಮ ಪಕ್ಷವಲ್ಲ. 1976ರಲ್ಲಿ ಗುರುತಿಸಲಾದ ಪಿ-ಗ್ಲೈಕೋಪ್ರೋಟೀನು ಒಳಬಂದ ಮದ್ದನ್ನು ನೀರೆತ್ತುವ ಪಂಪಿನಂತೆ ಹೊರಕ್ಕೆಸೆಯುತ್ತದೆ. ಮೊದಲು ಮಣಿದ ಗಂತಿ ಕೆಲವೊಮ್ಮೆ ಮತ್ತೆ ತಲೆಯೆತ್ತುವುದಕ್ಕೆ ಇದೂ ಒಂದು ಕಾರಣ.

ನಮ್ಮಲ್ಲಿ ಅರ್ಬುದವೆಂಬುದು ರೋಗದ ಹೆಸರಾಗುವುದಕ್ಕಿಂತ ತೀರ್ಪಿನ ಹೆಸರಾಗಿದೆ. ಹೆಸರು ಕೇಳಿದೊಡನೆ ಮನೆಯವರು ದನಿ ತಗ್ಗಿಸುತ್ತಾರೆ, ಹೆಂಗಸರು ಎದೆಯ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ. ಆದರೆ ಒಂದೇ ಹೆಸರಿನ ಕೆಳಗೆ ಹಲವು ರೋಗಗಳಿವೆ. ಹರ್-2 ಹೆಚ್ಚಿರುವ ಗಂಟಿಗೆ ಒಂದು ಮದ್ದು, ಇಲ್ಲದ್ದಕ್ಕೆ ಬೇರೊಂದು. ಯಾವುದೆಂಬುದನ್ನು ಹಣೆಬರಹ ಹೇಳದು. ಗಂಟಿನಿಂದ ತೆಗೆದ ಚೂರಿನ ಪರೀಕ್ಷೆ ಹೇಳುತ್ತದೆ. ಮೂರು ವಾರವಾದರೂ ಮಾಯದ ಬಾಯಿಹುಣ್ಣನ್ನೂ, ನೋವಿಲ್ಲದ ಗಂಟನ್ನೂ ವೈದ್ಯರಿಗೆ ತೋರಿಸಬೇಕು. ಶತ್ರು ಹೊಸ್ತಿಲಲ್ಲಿರುವಾಗಲೇ ಗುರುತಿಸಿದರೆ ಮನೆಯನ್ನು ಉಳಿಸಿಕೊಳ್ಳುವ ದಾರಿಗಳು ಹೆಚ್ಚು.